ಉದ್ಯಾನದ ಮೂಲೆಯಲ್ಲಿ ಮಕ್ಕಳಿಗೊಂದು ಅಂಗಳ

ಹೊಸ ಬಡಾವಣೆ ಎಂದರೆ ಮೊದಲು ರಸ್ತೆ, ಆಮೇಲೆ ನಲ್ಲಿ, ಆಮೇಲೆ ವಿದ್ಯುತ್ ಕಂಬ. ನಕ್ಷೆಯಲ್ಲಿ ಹಸಿರು ಬಣ್ಣ ಬಳಿದ ಒಂದು ತುಂಡು ಜಾಗ ಮಾತ್ರ ವರ್ಷಗಟ್ಟಲೆ ಜಾಲಿ ಬೆಳೆದು ಬಿದ್ದಿರುತ್ತದೆ. ಅದೇ ಉದ್ಯಾನ! ಅದಕ್ಕೊಂದು ತಂತಿಬೇಲಿ ಹಾಕಿ, ನಾಲ್ಕು ಹೂಗಿಡ ನೆಟ್ಟು, ‘ಹುಲ್ಲಿನ ಮೇಲೆ ನಡೆಯಬಾರದು’ ಎಂದು ಫಲಕ ತೂಗುಹಾಕಿದರೆ ಕೆಲಸ ಮುಗಿಯಿತು ಅಂದುಕೊಳ್ಳುವವರೇ ಹೆಚ್ಚು. ಮಕ್ಕಳು ಎಲ್ಲಿ ಆಡಬೇಕು, ಹೇಳ್ರಿ?

ನಮ್ಮ ಹಟ್ಟಿಯಂಥ ಗಣಿ ಊರಿನಲ್ಲಿ ಈ ಪ್ರಶ್ನೆ ಇನ್ನೂ ದೊಡ್ಡದು. ಗಣಿಯಲ್ಲಿ ಹಗಲೂ ಇರುಳೂ ಪಾಳಿಯ ಕೆಲಸ. ರಾತ್ರಿ ಪಾಳಿ ಮುಗಿಸಿ ಬಂದವರು ಹಗಲು ಮಲಗಿರುತ್ತಾರೆ. ‘ಗದ್ದಲ ಮಾಡಬ್ಯಾಡ್ರಿ, ಅಪ್ಪ ಮಲಗ್ಯಾನ’ ಎಂದು ಮಕ್ಕಳನ್ನು ಹೊರಗೆ ಕಳಿಸುತ್ತೇವೆ. ಹೊರಗೆ ಹೋದರೆ ರಸ್ತೆ, ರಸ್ತೆಯಲ್ಲಿ ಲಾರಿ, ಟ್ರ್ಯಾಕ್ಟರು. ಕೊನೆಗೆ ಮಗುವಿನ ಕೈಗೆ ಮೊಬೈಲ್ ಕೊಟ್ಟು ಕೂರಿಸುತ್ತೇವೆ. ಆಟದ ಅಂಗಳ ಒಂದು ಅಲಂಕಾರವಲ್ಲ, ಮನೆಗೆ ಅಡುಗೆಮನೆ ಇದ್ದಂತೆ ಓಣಿಗೆ ಅದು.

ಹಟ್ಟಿಯ ಗಣಿ ಕಂಪನಿ ಸ್ಥಾಪನೆಯಾದ 1947ರಲ್ಲಿಯೇ ದೂರದ ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ ಒಂದು ಒಳ್ಳೆಯ ಕೆಲಸ ಶುರುವಾಯಿತು. ಯುದ್ಧದಿಂದ ಬಳಲಿದ ಆ ಊರಿನಲ್ಲಿ ಆಲ್ಡೋ ವಾನ್ ಐಕ್ ಎಂಬ ವಾಸ್ತುಶಿಲ್ಪಿ ಪಾಳುಬಿದ್ದ ಚಿಕ್ಕ ಚಿಕ್ಕ ಜಾಗಗಳನ್ನು ಆಟದ ಅಂಗಳ ಮಾಡತೊಡಗಿದರು. ಒಂದು ಮರಳಿನ ಹೊಂಡ, ಹತ್ತಿಳಿಯಲು ಕಬ್ಬಿಣದ ಕಮಾನು, ಹಿರಿಯರು ಕೂರಲು ಬೆಂಚು, ಸುತ್ತ ಮರ. ಇಷ್ಟೇ. ಒಂದು ಓಣಿಯದನ್ನು ನೋಡಿ ಇನ್ನೊಂದು ಓಣಿಯವರು ‘ನಮಗೂ ಬೇಕು’ ಎಂದು ನಗರಸಭೆಗೆ ಪತ್ರ ಬರೆದರು. ಮೂವತ್ತು ವರ್ಷಗಳಲ್ಲಿ ಇಂಥ 700ಕ್ಕೂ ಹೆಚ್ಚು ಅಂಗಳಗಳಾದವು. ಜನ ಕೇಳಿದರು, ಊರು ಮಾಡಿತು.

ನಾವೂ ಕೇಳಬೇಕು. ಆದರೆ ಏನು ಕೇಳಬೇಕು ಎಂಬುದು ಗೊತ್ತಿರಬೇಕು.

ಮೊದಲನೆಯದು ನೆರಳು. ನಮ್ಮ ರಾಯಚೂರು ಜಿಲ್ಲೆಯ ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ತಗಡಿನ ಜಾರುಬಂಡೆ ಕಾದ ಹಂಚಿನಂತಾಗಿ ಮಗುವಿನ ತೊಡೆ ಸುಡುತ್ತದೆ. ಜಾರುವ ಮುಖ ಉತ್ತರಕ್ಕಿರಲಿ, ಮೇಲೆ ನೆರಳಿರಲಿ. ಮಿರಗಾ ಮಳೆಗೆ ಬೇವು, ಹೊಂಗೆ ನೆಟ್ಟರೆ ನಾಲ್ಕೈದು ವರ್ಷಕ್ಕೆ ನೆರಳು ಬಂದೀತು. ಅಲ್ಲಿಯ ತನಕ ಒಂದು ಚಪ್ಪರ ಸಾಕು.

ಎರಡನೆಯದು ಕೆಳಗಿನ ನೆಲ. ಜೋಕಾಲಿ, ಜಾರುಬಂಡೆಗಳ ಕೆಳಗೆ ಸಿಮೆಂಟು, ಫರಸಿ ಬೇಡವೇ ಬೇಡ. ಬಿದ್ದ ಮಗುವಿನ ತಲೆಗೆ ಪೆಟ್ಟಾಗುತ್ತದೆ. ಒಂದು ಅಡಿ ದಪ್ಪ ಮೆತ್ತನೆಯ ಮರಳಿರಬೇಕು. ಲೆಕ್ಕ ಸುಲಭ: 10 ಅಡಿ ಉದ್ದ, 10 ಅಡಿ ಅಗಲ, ಒಂದು ಅಡಿ ಆಳದ ಹೊಂಡಕ್ಕೆ 100 ಘನ ಅಡಿ, ಅಂದರೆ ಸರಿಯಾಗಿ ಒಂದು ಬ್ರಾಸ್ ಮರಳು. ಜೋಕಾಲಿಗೆ ಇನ್ನೂ ಹೆಚ್ಚು ಜಾಗ ಬೇಕು. ಕಂಬ 7 ಅಡಿ ಎತ್ತರವಿದ್ದರೆ ಮುಂದೆ 14 ಅಡಿ, ಹಿಂದೆ 14 ಅಡಿ ಖಾಲಿ ಇರಲಿ. ತೂಗುವ ಹಲಗೆ ಓಡಿಬಂದ ಪುಟ್ಟ ಮಗುವಿಗೆ ಬಡಿಯಬಾರದು.

ಆ ಮರಳು ಎಲ್ಲಿಯದು ಎಂದು ಅವಶ್ಯ ವಿಚಾರಿಸಿ. ಗಣಿ ಊರಿನ ತಾಯಂದಿರಿಗೆ ಇದು ಮುಖ್ಯ. ಅದಿರಿನಿಂದ ಚಿನ್ನ ಬಿಡಿಸಲು ಸೈನೈಡ್ ಬಳಸುತ್ತಾರೆ. ಚಿನ್ನ ತೆಗೆದ ಮೇಲೆ ಉಳಿಯುವ ನುಣ್ಣನೆ ಪುಡಿಮಣ್ಣಿನಲ್ಲಿ ರಾಸಾಯನಿಕವೂ ಪಾಷಾಣವೂ ಉಳಿದಿರಬಹುದು. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿದರೂ ಅಲ್ಲಿಯ ಸೈನೈಡ್ ದಿಬ್ಬಗಳು ಕರಗಿಲ್ಲ. ನೋಡಲು ಮರಳಿನಂತೆಯೇ ಇರುವ ಅಂಥ ಮಣ್ಣು ಮಕ್ಕಳ ಹೊಂಡಕ್ಕೆ ಬೀಳಬಾರದು. ಮಕ್ಕಳು ಕೈ ಬಾಯಿಗೆ ಹಾಕುತ್ತಾರೆ. ತೊಳೆದ ಹೊಳೆಮರಳೇ ಇರಲಿ. ಪಕ್ಕದಲ್ಲಿ ಕೈತೊಳೆಯಲು ಒಂದು ನಲ್ಲಿಯೂ ಇರಲಿ.

ಮೂರನೆಯದು ನಮ್ಮ ಹೆಣ್ಣುಮಕ್ಕಳು. ಪಂಚಮಿ ಬಂದರೆ ಬೇವಿನ ಮರಕ್ಕೆ ಹಗ್ಗ ಕಟ್ಟಿ, ಶೇಂಗಾ ಉಂಡಿ ತಿಂದು, ಮದುವೆಯಾದ ಹೆಣ್ಣುಮಕ್ಕಳೂ ಜೋಕಾಲಿ ಜೀಕುವ ನಾಡು ನಮ್ಮದು. ಅದೇ ನಾಡಿನಲ್ಲಿ ಹುಡುಗಿಗೆ ಹನ್ನೆರಡು ತುಂಬಿತೋ, ‘ಸಾಕವ್ವ ಆಟ’ ಅನ್ನುತ್ತೇವೆ. ಹುಡುಗರು ಇಡೀ ಮೈದಾನವನ್ನು ಕ್ರಿಕೆಟ್ಟಿಗೆ ಹಿಡಿದಿಟ್ಟುಕೊಂಡರೆ ಅವಳಿಗೆ ಜಾಗವೆಲ್ಲಿ? ಕುಂಟಾಬಿಲ್ಲೆಯ ಮನೆಗಳನ್ನು ನೆಲದಲ್ಲೇ ಬರೆಸಿ, ಲಗೋರಿಗೂ ಹಗ್ಗದಾಟಕ್ಕೂ ಬೇರೆ ಜಾಗ ಬಿಡಿಸಿ. ಸಂಜೆಗೆ ದೀಪ, ಹತ್ತಿರದಲ್ಲಿ ಶೌಚಾಲಯ, ಹೊರಗಿನಿಂದ ಒಳಗೆ ಕಾಣುವ ಬೇಲಿ, ತಾಯಂದಿರು ಸೊಪ್ಪು ಸೋಸುತ್ತಾ ಕೂರಲು ಎರಡು ಬೆಂಚು ಇದ್ದರೆ ಯಾರೂ ಹೆಣ್ಣುಮಕ್ಕಳನ್ನು ಮನೆಯಲ್ಲಿ ಕಟ್ಟಿಹಾಕುವುದಿಲ್ಲ. ನಡೆಯಲಾಗದ ಮಗುವಿನ ಗಾಲಿಕುರ್ಚಿ ಒಳಗೆ ಬರಲು ಬಾಗಿಲಲ್ಲಿ ಮೆಟ್ಟಿಲ ಬದಲು ಇಳಿಜಾರು ಮಾಡಿಸಬೇಕು.

ಮಾಡಿಸಿದ ಮೇಲೆ ಕಾಯಬೇಕು. ಅಮಾವಾಸ್ಯೆಗೆ ಮನೆ ಸಾರಿಸಿ ತೊಳೆಯುತ್ತೇವಲ್ಲ, ಅದೇ ದಿನ ನಾಲ್ಕು ಜನ ಹೆಂಗಸರು ಹೋಗಿ ಜೋಕಾಲಿಯ ಸರಪಳಿ ಸವೆದಿದೆಯೇ, ಬೋಲ್ಟು ಸಡಿಲವಾಗಿದೆಯೇ, ಮರಳಿನಲ್ಲಿ ಗಾಜಿನ ಚೂರಿದೆಯೇ ಎಂದು ನೋಡಿದರೆ ಸಾಕು. ಹಾಳಾದುದನ್ನು ಬರೆದುಕೊಂಡು ಪಟ್ಟಣ ಪಂಚಾಯಿತಿಗೆ ಕೊಡಿ.

‘ಆ ಜಾಗ ಬೇರೆ ಯಾವುದಕ್ಕೋ ಹೋಗುತ್ತದಂತೆ’ ಎಂಬ ಸುದ್ದಿ ಕೇಳಿದರೆ ಕೈಕಟ್ಟಿ ಕೂರಬೇಡಿ. ಉದ್ಯಾನ, ಆಟದ ಮೈದಾನ, ಬಯಲು ಜಾಗಗಳನ್ನು ಕಾಪಾಡಲೆಂದೇ ಕರ್ನಾಟಕದಲ್ಲಿ 1985ರ ಕಾಯ್ದೆ ಇದೆ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಮೀಸಲಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆ ಕಟ್ಟಲು ಕೊಟ್ಟಾಗ ಅಲ್ಲಿಯ ನಿವಾಸಿಗಳು ನ್ಯಾಯಾಲಯದ ಮೆಟ್ಟಿಲೇರಿದರು. 1991ರಲ್ಲಿ ಸುಪ್ರೀಂ ಕೋರ್ಟು ನಿವಾಸಿಗಳ ಪರವಾಗಿಯೇ ತೀರ್ಪು ಕೊಟ್ಟಿತು. ಕೇಳುವ ಹಕ್ಕು ಓಣಿಯ ಜನರಿಗಿದೆ ಎಂದು ಅದು ಒಪ್ಪಿತು. ಆಸ್ಪತ್ರೆ ಬೇಡವೆಂದಲ್ಲ, ಮಕ್ಕಳ ಜಾಗದಲ್ಲಿ ಬೇಡ.

ಆದ್ದರಿಂದ, ಸೋದರಿಯರೇ, ನಿಮ್ಮ ಬಡಾವಣೆಯ ನಕ್ಷೆಯ ಪ್ರತಿ ತರಿಸಿ ಹಸಿರು ತುಂಡು ಎಲ್ಲಿದೆ ನೋಡಿ. ಓಣಿಯ ಹತ್ತು ಮನೆಯವರ ಸಹಿ ಹಾಕಿಸಿ ಅರ್ಜಿ ಬರೆಯಿರಿ, ಕೊಟ್ಟ ಅರ್ಜಿಯ ನಕಲಿನ ಮೇಲೆ ಕಚೇರಿಯ ಮುದ್ರೆ ಹಾಕಿಸಿಕೊಂಡು ಬನ್ನಿ. ಆ ನಕಲನ್ನು ರೇಷನ್ ಕಾರ್ಡಿನ ಜೊತೆ ಜೋಪಾನವಾಗಿ ಇಡಿ.