ಚಿತ್ರಪುಸ್ತಕದ ತ್ರಿಭುಜ, ಅಂಗಳದ ಮಳೆಗಾಲ

ಎಳೆಯ ಮಕ್ಕಳಿಗೆ ಆಕಾರಗಳನ್ನೂ ಋತುಗಳನ್ನೂ ಪರಿಚಯಿಸುವುದರಲ್ಲಿ ಚಿತ್ರಪುಸ್ತಕದ ಪಾತ್ರ ದೊಡ್ಡದಾದರೂ, ಅದರಲ್ಲಿ ಏನನ್ನು ಬರೆಯಲಾಗಿದೆ ಮತ್ತು ಅದನ್ನು ಮಗುವಿನ ಜೊತೆ ಹೇಗೆ ಓದಲಾಗುತ್ತದೆ ಎಂಬುದರ ಮೇಲೆ ಅದರ ಫಲ ನಿಂತಿದೆ. ಅರ್ಥದ ಹೆಚ್ಚಿನ ಭಾರವನ್ನು ಚಿತ್ರವೇ ಹೊತ್ತು, ಅಕ್ಷರ ಅದಕ್ಕೆ ಜೊತೆಯಾಗುವಂಥದ್ದು ಚಿತ್ರಪುಸ್ತಕ. ಮೊರೇವಿಯದ ಶಿಕ್ಷಣತಜ್ಞ ಕೊಮೆನಿಯಸ್ 1658ರಲ್ಲಿ ನ್ಯೂರೆಂಬರ್ಗ್‌ನಲ್ಲಿ ಹೊರತಂದ ‘ಆರ್ಬಿಸ್ ಸೆನ್ಸುವಾಲಿಯಂ ಪಿಕ್ಟಸ್’ ಮಕ್ಕಳ ಸಚಿತ್ರ ಪಠ್ಯಗಳಲ್ಲಿ ತೀರ ಹಳೆಯದೆಂದು ಹೆಸರಾಗಿದೆ.

ಮಗು ಆಕಾರವನ್ನು ಹೇಗೆ ಕಾಣುತ್ತದೆ ಎಂಬುದನ್ನು ಡಚ್ ಗಣಿತ ಶಿಕ್ಷಕರಾದ ವಾನ್ ಹೀಲೆ ದಂಪತಿ 1957ರಲ್ಲಿ ಹಂತಗಳಾಗಿ ವಿವರಿಸಿದರು. ಅವರ ಪ್ರಕಾರ ಮೊದಲ ಹಂತದಲ್ಲಿ ಮಗು ಬಾಹು, ಕೋನಗಳನ್ನು ಗಮನಿಸದೆ ಒಟ್ಟು ನೋಟದಿಂದಲೇ ಆಕಾರವನ್ನು ಗುರುತಿಸುತ್ತದೆ. ಹೀಗಿರುವಾಗ ಪುಸ್ತಕವು ಮೂರೂ ಬಾಹು ಸಮನಾಗಿರುವ ತ್ರಿಭುಜವನ್ನೇ, ಅದೂ ತುದಿ ಮೇಲಾಗಿ ನಿಂತಿರುವುದನ್ನೇ ಪುಟಪುಟದಲ್ಲೂ ತೋರಿಸಿದರೆ, ತಲೆಕೆಳಗಾದ ಅಥವಾ ಸಪೂರವಾದ ತ್ರಿಭುಜವನ್ನು ಕಂಡ ಮಗು ಅದು ತ್ರಿಭುಜವಲ್ಲವೆಂದೇ ಹೇಳುತ್ತದೆ. ಈ ತಪ್ಪನ್ನು ಪುಸ್ತಕದ ಲೆಕ್ಕಕ್ಕೇ ಬರೆಯಬೇಕು. ಅಮೆರಿಕದ ಟಾನಾ ಹೋಬನ್ ತಮ್ಮ ಪುಸ್ತಕಗಳಲ್ಲಿ ದಿನನಿತ್ಯದ ವಸ್ತುಗಳ ಛಾಯಾಚಿತ್ರಗಳನ್ನು ಕೊಟ್ಟು, ಆಕಾರ ಹುಡುಕುವ ಕೆಲಸವನ್ನು ಮಗುವಿಗೇ ಬಿಟ್ಟರು. ಕನ್ನಡದ ಮನೆಯಲ್ಲಿ ಕೋಡುಬಳೆ, ಸಮೋಸ, ಹೊಸಿಲ ಮುಂದಿನ ರಂಗೋಲಿ ಈ ಕೆಲಸಕ್ಕೆ ಒದಗುತ್ತವೆ: ನಾಲ್ಕು ಚುಕ್ಕಿಗಳನ್ನು ಕೂಡಿಸಿದ ಚೌಕವನ್ನು ಮೂಲೆಯ ಕಡೆಯಿಂದ ನೋಡಿದ ಮಗುವಿಗೆ, ಓರೆಯಾಗಿ ಕಂಡರೂ ಚೌಕ ಚೌಕವೇ ಎಂಬುದು ತಾನಾಗಿ ತಿಳಿಯುತ್ತದೆ.

ಋತುವಿನ ವಿಷಯ ಇದಕ್ಕಿಂತ ಕಠಿಣ, ಏಕೆಂದರೆ ಅದು ಬೆರಳಿಟ್ಟು ತೋರಿಸಬಹುದಾದ ವಸ್ತುವಲ್ಲ, ಕಾಲದ ಸರಿದಾಟ. ಒಂದೇ ಮರವನ್ನು ಸಾಲು ಪುಟಗಳಲ್ಲಿ ಚಿಗುರಿದಂತೆ, ಕಾಯಿಬಿಟ್ಟಂತೆ, ಮಳೆಯಲ್ಲಿ ತೊಯ್ದಂತೆ ಬರೆದಾಗ ಪುಟ ಮಗುಚುವುದೇ ತಿಂಗಳು ಕಳೆಯುವುದಕ್ಕೆ ಸಮನಾಗುತ್ತದೆ. ಎಜ್ರಾ ಜ್ಯಾಕ್ ಕೀಟ್ಸ್ 1962ರಲ್ಲಿ ಪ್ರಕಟಿಸಿದ ‘ದಿ ಸ್ನೋಯಿ ಡೇ’ ಹಿಮ ಬೀಳುವ ಊರಿನ ಮಗುವಿಗೆ ನಿಜವಾದ ಪುಸ್ತಕ. ಆದರೆ ಹಿಮವನ್ನೇ ಕಾಣದ ಕಲಬುರಗಿಯ ಮಗುವಿಗೆ ಚಳಿಗಾಲವೆಂದರೆ ಹಿಮವೆಂದು ಕಲಿಸುವುದು ಸರಿಯಲ್ಲ. ಯುಗಾದಿಯ ಹೊತ್ತಿನ ಬೇವಿನ ಹೂವು, ಜೂನ್‌ನಲ್ಲಿ ಕಾಲಿಡುವ ಮುಂಗಾರು, ಚಳಿಯ ದಿನಗಳಲ್ಲಿ ಸಂತೆಗೆ ಬಂದು ಬೆರಳಿಗೆಲ್ಲ ಸೊಗಡು ಅಂಟಿಸುವ ಅವರೆಕಾಯಿ, ಇವೇ ಇಲ್ಲಿನ ಋತುಚಿತ್ರಗಳು. ಎರಡೆರಡು ತಿಂಗಳ ಆರು ಋತುಗಳ ಹೆಸರು ಬಾಯಿಪಾಠವಾದರೂ ಹೇಮಂತ ಶಿಶಿರಗಳ ಭೇದ ನಾಲ್ಕರ ಮಗುವಿನ ಅನುಭವಕ್ಕೆ ಬಾರದು. ಬೇಸಿಗೆ, ಮಳೆಗಾಲ, ಚಳಿಗಾಲದಿಂದ ತೊಡಗುವುದೇ ಮೇಲು.

ಓದುವ ಬಗೆಯೂ ಮುಖ್ಯ. ಅಮೆರಿಕದ ಮನೋವಿಜ್ಞಾನಿ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರಶ್ನೆ ಕೇಳುತ್ತ, ಮಗುವಿನ ಉತ್ತರವನ್ನು ಬೆಳೆಸುತ್ತ ಓದಿದ ತಂದೆತಾಯಿಯರ ಮಕ್ಕಳು ಒಂದೇ ತಿಂಗಳಲ್ಲಿ ಮಾತಿನಲ್ಲಿ ಮುಂದಿದ್ದರು. ಸಂವಾದಾತ್ಮಕ ಓದು ಎಂದರೆ ಇದೇ. ಪುಸ್ತಕ ಕೊಳ್ಳಲಾಗದವರಿಗೆ, ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಕಥೆಗಳು ಉಚಿತವಾಗಿ ದೊರೆಯುತ್ತವೆ.