ಕರ್ನಾಟಕದಲ್ಲಿ ಸಮುದಾಯ ಆಧಾರಿತ ಮನೋಸಾಮಾಜಿಕ ಪುನರ್ವಸತಿ

ಸಮುದಾಯ ಆಧಾರಿತ ಮನೋಸಾಮಾಜಿಕ ಪುನರ್ವಸತಿ ಎಂದರೆ ತೀವ್ರ ಮಾನಸಿಕ ಕಾಯಿಲೆಯುಳ್ಳ ವ್ಯಕ್ತಿಯು ತನ್ನ ಮನೆ, ಊರು ಮತ್ತು ನೆರೆಹೊರೆಯ ನಡುವೆಯೇ ಇದ್ದು ಚಿಕಿತ್ಸೆ ಪಡೆಯುತ್ತ, ದಿನನಿತ್ಯದ ಬದುಕನ್ನೂ ದುಡಿಮೆಯನ್ನೂ ಮರಳಿ ಕೈಗೆತ್ತಿಕೊಳ್ಳಲು ನೆರವಾಗುವ ವ್ಯವಸ್ಥೆ. ರೋಗಲಕ್ಷಣಗಳನ್ನು ತಗ್ಗಿಸುವುದು ಇದರ ಒಂದು ಭಾಗ ಮಾತ್ರ. ವ್ಯಕ್ತಿಯು ಕುಟುಂಬದಲ್ಲಿ, ಕೆಲಸದಲ್ಲಿ ಮತ್ತು ಊರಿನ ವ್ಯವಹಾರಗಳಲ್ಲಿ ತನ್ನ ಸ್ಥಾನವನ್ನು ಪಡೆಯುವುದು ಇದರ ಗುರಿ. ಕರ್ನಾಟಕದಲ್ಲಿ ಈ ಕಾರ್ಯವು ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ (ನಿಮ್ಹಾನ್ಸ್), ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹಾಗೂ ಸ್ವಯಂಸೇವಾ ಸಂಸ್ಥೆಗಳ ಮೂಲಕ ಬೆಳೆದುಬಂದಿದೆ. ಬಳ್ಳಾರಿ, ತೀರ್ಥಹಳ್ಳಿ, ತುರುವೇಕೆರೆ ಮತ್ತು ಜಗಳೂರಿನ ಪ್ರಯೋಗಗಳು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಂತಹ ಬಯಲುಸೀಮೆಯ ತಾಲ್ಲೂಕುಗಳಿಗೆ ಹತ್ತಿರದ ಮಾದರಿಗಳಾಗಿವೆ.

ಅರ್ಥ ಮತ್ತು ವ್ಯಾಪ್ತಿ

ಸ್ಕಿಜೋಫ್ರೀನಿಯಾ (ಇಚ್ಚಿತ್ತ ವಿಕಲತೆ), ಬೈಪೋಲಾರ್ ಕಾಯಿಲೆ ಮತ್ತು ದೀರ್ಘಕಾಲ ಕಾಡುವ ತೀವ್ರ ಖಿನ್ನತೆಯನ್ನು ಸಾಮಾನ್ಯವಾಗಿ ತೀವ್ರ ಮಾನಸಿಕ ಕಾಯಿಲೆಗಳೆಂದು ಕರೆಯಲಾಗುತ್ತದೆ. ಭ್ರಮೆ, ಇಲ್ಲದ ದನಿ ಕೇಳಿಸುವುದು, ಅತಿಯಾದ ಉದ್ವೇಗ ಮುಂತಾದ ಲಕ್ಷಣಗಳು ಔಷಧಿಯಿಂದ ಬಹುಮಟ್ಟಿಗೆ ಹತೋಟಿಗೆ ಬರುತ್ತವೆ. ಆದರೆ ನಿರಾಸಕ್ತಿ, ಜನರಿಂದ ದೂರ ಉಳಿಯುವಿಕೆ, ಗಮನ ಮತ್ತು ನೆನಪಿನ ಕೊರತೆಗಳು ಅಷ್ಟು ಬೇಗ ಹೋಗುವುದಿಲ್ಲ. ಇವನ್ನು ಮನೆಯವರು ಅನೇಕ ವೇಳೆ ಸೋಮಾರಿತನವೆಂದು ತಪ್ಪಾಗಿ ತಿಳಿಯುತ್ತಾರೆ. ಔಷಧಿ ಮುಟ್ಟದ ಈ ಭಾಗವನ್ನು ಸರಿಪಡಿಸುವುದೇ ಪುನರ್ವಸತಿಯ ಕೆಲಸ.

ಈ ಕ್ಷೇತ್ರದಲ್ಲಿ 'ಚೇತರಿಕೆ' ಎಂಬ ಪದಕ್ಕೆ ವಿಶೇಷ ಅರ್ಥವಿದೆ. ಕಾಯಿಲೆ ಸಂಪೂರ್ಣವಾಗಿ ಅಳಿಸಿಹೋಗುವುದು ಎಂಬುದಕ್ಕಿಂತ, ಕಾಯಿಲೆಯ ಕೆಲವು ಅಂಶಗಳು ಉಳಿದಿದ್ದರೂ ಅರ್ಥಪೂರ್ಣವಾದ, ತನ್ನ ಇಚ್ಛೆಯಂತಹ ಬದುಕನ್ನು ನಡೆಸುವುದು ಎಂದು ಇದನ್ನು ವಿವರಿಸಲಾಗುತ್ತದೆ. ಮಧುಮೇಹವುಳ್ಳವರು ಮಾತ್ರೆ ಸೇವಿಸುತ್ತಲೇ ಹೊಲ, ಅಂಗಡಿ, ಕಚೇರಿಗಳಲ್ಲಿ ದುಡಿಯುವುದಕ್ಕೆ ಇದನ್ನು ಹೋಲಿಸಬಹುದು.

2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಸಮೀಕ್ಷೆಯ ಸಮಯದಲ್ಲಿ ಶೇ. 0.8ರಷ್ಟು ವಯಸ್ಕರು ತೀವ್ರ ಮಾನಸಿಕ ಕಾಯಿಲೆ ಹೊಂದಿದ್ದರು. ಈ ಪ್ರಮಾಣವನ್ನು ಅನ್ವಯಿಸಿದರೆ 5,000 ವಯಸ್ಕರಿರುವ ಗ್ರಾಮ ಪಂಚಾಯಿತಿಯೊಂದರಲ್ಲಿ ಸುಮಾರು 40 ಮಂದಿ ಇಂತಹವರು ಇರಬಹುದು. ವಿವಿಧ ಮಾನಸಿಕ ಕಾಯಿಲೆಗಳಲ್ಲಿ ಚಿಕಿತ್ಸೆಯ ಕೊರತೆ ಶೇ. 70ರಿಂದ 92ರವರೆಗೆ ಇದೆಯೆಂದು ಅದೇ ಸಮೀಕ್ಷೆ ತಿಳಿಸಿತು.

ಇತಿಹಾಸ

ಹತ್ತೊಂಬತ್ತನೆಯ ಶತಮಾನದಲ್ಲಿ ಮಾನಸಿಕ ಕಾಯಿಲೆಯುಳ್ಳವರನ್ನು ಸಮಾಜದಿಂದ ಬೇರ್ಪಡಿಸಿ ಆಶ್ರಯಾಲಯಗಳಲ್ಲಿ ಇರಿಸುವುದೇ ರೂಢಿಯಾಗಿತ್ತು. ಬೆಂಗಳೂರಿನ ಅಂತಹ ಆಶ್ರಯಾಲಯಕ್ಕೆ 1925ರಲ್ಲಿ ಮಾನಸಿಕ ಆಸ್ಪತ್ರೆ ಎಂಬ ಹೆಸರು ಬಂದಿತು. 1954ರಲ್ಲಿ ಅಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. 1974ರಲ್ಲಿ ಇವೆರಡೂ ಒಂದಾಗಿ ನಿಮ್ಹಾನ್ಸ್ ರೂಪುಗೊಂಡಿತು.

ಕುಟುಂಬವನ್ನು ಚಿಕಿತ್ಸೆಯ ಪಾಲುದಾರನನ್ನಾಗಿ ಮಾಡಿಕೊಂಡದ್ದು ಭಾರತದ ಮನೋವೈದ್ಯಕೀಯದ ಒಂದು ವೈಶಿಷ್ಟ್ಯ. 1950ರ ದಶಕದಲ್ಲಿ ಅಮೃತಸರದಲ್ಲಿ ಡಾ. ವಿದ್ಯಾಸಾಗರ್ ಅವರು ರೋಗಿಗಳ ಬಂಧುಗಳನ್ನು ಆಸ್ಪತ್ರೆಯ ಆವರಣದ ಡೇರೆಗಳಲ್ಲಿ ಜೊತೆಗೆ ಇರಿಸಿದರು. ಮನೆಯವರು ಕಾಯಿಲೆಯನ್ನು ಅರಿತುಕೊಂಡುದರಿಂದ ರೋಗಿಗಳು ಊರಿಗೆ ಮರಳುವುದು ಸುಲಭವಾಯಿತು. ಬೆಂಗಳೂರಿನಲ್ಲಿ 1964ರಲ್ಲಿ ಸ್ಥಾಪನೆಗೊಂಡ ಮೆಡಿಕೊ ಪ್ಯಾಸ್ಟೋರಲ್ ಅಸೋಸಿಯೇಷನ್ ಆಸ್ಪತ್ರೆ ಮತ್ತು ಮನೆಗಳ ನಡುವಿನ ಹಂತವಾದ 'ಹಾಫ್‌ವೇ ಹೋಮ್' ವ್ಯವಸ್ಥೆಯನ್ನು ಆರಂಭಿಸಿತು. 1986ರಲ್ಲಿ ಅಲ್ಲಿಯೇ ರಿಚ್ಮಂಡ್ ಫೆಲೋಶಿಪ್ ಸೊಸೈಟಿಯ ಕಾರ್ಯ ಮೊದಲಾಯಿತು.

ಭಾರತ ಸರ್ಕಾರವು 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಪ್ರಾರಂಭಿಸಿತು. ಅದನ್ನು ಜಿಲ್ಲಾ ಮಟ್ಟದಲ್ಲಿ ನಡೆಸಬಹುದೇ ಎಂದು ಪರೀಕ್ಷಿಸಲು ನಿಮ್ಹಾನ್ಸ್ 1985ರಿಂದ 1990ರವರೆಗೆ ಬಳ್ಳಾರಿ ಜಿಲ್ಲೆಯನ್ನು ಆರಿಸಿಕೊಂಡಿತು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ನೀಡಿ, ಅವಶ್ಯಕ ಔಷಧಿಗಳನ್ನು ಅಲ್ಲಿಯೇ ದೊರಕಿಸಲಾಯಿತು. 'ಬಳ್ಳಾರಿ ಮಾದರಿ' ಎಂದು ಹೆಸರಾದ ಈ ಪ್ರಯೋಗದ ಆಧಾರದ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಜಾರಿಗೆ ಬಂದಿತು.

2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯ ಖಾಸಗಿ ಆಶ್ರಯಧಾಮವೊಂದರಲ್ಲಿ ಬೆಂಕಿ ಹತ್ತಿ, ಸರಪಳಿಯಿಂದ ಬಿಗಿಯಲ್ಪಟ್ಟಿದ್ದ ರೋಗಿಗಳು ಓಡಲಾರದೆ ಸತ್ತರು. ಮನೆಯ ಸಮೀಪದಲ್ಲಿ ಚಿಕಿತ್ಸೆಯೂ ಆಸರೆಯೂ ಇಲ್ಲದಿದ್ದರೆ ಕುಟುಂಬಗಳು ಎಂತಹ ದಾರಿ ಹಿಡಿಯಬೇಕಾಗುತ್ತದೆ ಎಂಬುದನ್ನು ಈ ದುರಂತ ದೇಶಕ್ಕೆ ತೋರಿಸಿತು.

ಕನ್ನಡ ಓದುಗರಲ್ಲಿ ಮಾನಸಿಕ ಕಾಯಿಲೆಗಳ ತಿಳಿವಳಿಕೆ ಮೂಡಿಸುವಲ್ಲಿ ನಿಮ್ಹಾನ್ಸ್‌ನಲ್ಲಿ ಸೇವೆ ಸಲ್ಲಿಸಿದ ಮನೋವೈದ್ಯ, ಲೇಖಕ ಡಾ. ಸಿ. ಆರ್. ಚಂದ್ರಶೇಖರ್ ಅವರ ಪುಸ್ತಕಗಳ ಪಾತ್ರ ದೊಡ್ಡದು.

ಚಿತ್ರದುರ್ಗ ಜಿಲ್ಲೆಯ ಸನ್ನಿವೇಶ

ಚಿತ್ರದುರ್ಗ ಜಿಲ್ಲೆಯಲ್ಲಿ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಚಳ್ಳಕೆರೆ ಮತ್ತು ಮೊಳಕಾಲ್ಮೂರು ಎಂಬ ಆರು ತಾಲ್ಲೂಕುಗಳಿವೆ. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 16,59,456. ಇವರಲ್ಲಿ ಬಹುಪಾಲು ಗ್ರಾಮವಾಸಿಗಳು. ಮಳೆ ಕಡಿಮೆ. ಶೇಂಗಾ, ಮೆಕ್ಕೆಜೋಳ, ರಾಗಿ, ಈರುಳ್ಳಿ ಮುಖ್ಯ ಬೆಳೆಗಳು. ಹೊಳಲ್ಕೆರೆ ಮತ್ತು ಹೊಸದುರ್ಗದ ಕಡೆ ಅಡಿಕೆ ಹಾಗೂ ತೆಂಗಿನ ತೋಟಗಳಿವೆ. ಹಿರಿಯೂರಿನ ತೋಟಗಳಿಗೆ ವೇದಾವತಿ ನದಿಗೆ ಕಟ್ಟಿದ ವಾಣಿವಿಲಾಸ ಸಾಗರದ ನೀರಿನ ಆಸರೆಯಿದೆ.

ಇಂತಹ ಪ್ರದೇಶದಲ್ಲಿ ಚಿಕಿತ್ಸೆ ನಡುವೆ ನಿಲ್ಲುವುದಕ್ಕೆ ಮುಖ್ಯ ಕಾರಣಗಳಲ್ಲಿ ಒಂದು ದೂರ. ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿ.ಮೀ. ಆಗುತ್ತದೆ. ರೋಗಿ ಒಬ್ಬರೇ ಹೋಗಲಾಗದಿದ್ದಲ್ಲಿ ಜೊತೆಯವರ ಪ್ರಯಾಣದ ವೆಚ್ಚವೂ ಅವರ ಎರಡು ದಿನದ ಕೂಲಿಯೂ ಸೇರಿ, ಉಚಿತವಾಗಿ ದೊರೆಯುವ ಮಾತ್ರೆ ಕೂಡ ದುಬಾರಿಯಾಗುತ್ತದೆ. ಇದನ್ನು ತಪ್ಪಿಸಲು ಕರ್ನಾಟಕ ಸರ್ಕಾರ 2014ರಲ್ಲಿ 'ಮನೋಚೈತನ್ಯ' ಕಾರ್ಯಕ್ರಮವನ್ನು ಆರಂಭಿಸಿತು. ಇದರಂತೆ ನಿಗದಿತ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರ ತಪಾಸಣೆ ನಡೆಯುತ್ತದೆ. ಚೇತರಿಸಿಕೊಳ್ಳುತ್ತಿರುವವರಿಗಾಗಿ ಜಿಲ್ಲಾ ಮಟ್ಟದಲ್ಲಿ 'ಮಾನಸಧಾರಾ' ಹಗಲು ಆರೈಕೆ ಕೇಂದ್ರಗಳ ಯೋಜನೆಯೂ ಇದೆ.

ನೆರೆಯ ಜಗಳೂರು ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾಗುವವರೆಗೆ ಚಿತ್ರದುರ್ಗ ಜಿಲ್ಲೆಯ ಭಾಗವೇ ಆಗಿತ್ತು. ಮಣ್ಣು, ಮಳೆ, ಬೆಳೆಗಳಲ್ಲಿ ಎರಡೂ ಒಂದೇ ಬಗೆಯವು. ದಾವಣಗೆರೆ ಜಿಲ್ಲೆಯಲ್ಲಿ 1959ರಲ್ಲಿ ಸ್ಥಾಪಿತವಾದ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ ಮತ್ತು ಲಿವ್ ಲವ್ ಲಾಫ್ ಪ್ರತಿಷ್ಠಾನಗಳು 2016ರಿಂದ ಗ್ರಾಮೀಣ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ನಡೆಸಿವೆ. ಜಗಳೂರಿನ ಕೆಲಸದಲ್ಲಿ ನಿಮ್ಹಾನ್ಸ್ ಕೂಡ ಭಾಗಿಯಾಗಿದೆ.

ಕಾರ್ಯವಿಧಾನ

ಸಮುದಾಯ ಆಧಾರಿತ ಕೆಲಸವು ಸಾಮಾನ್ಯವಾಗಿ ಕೆಳಗಿನ ಹಂತಗಳಲ್ಲಿ ನಡೆಯುತ್ತದೆ.

ಗುರುತಿಸುವಿಕೆ: ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು ಮನೆಮನೆಯ ಪರಿಚಯವುಳ್ಳವರು. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ, ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರೂ ಇದ್ದಾರೆ. ಅಂಗವೈಕಲ್ಯವುಳ್ಳವರನ್ನೇ ಈ ಕೆಲಸಕ್ಕೆ ನೇಮಿಸಿಕೊಳ್ಳುವುದು ಈ ವ್ಯವಸ್ಥೆಯ ಹಿರಿಮೆ. ಕೋಣೆಯಿಂದ ಹೊರಬಾರದವರನ್ನೂ ಊರೂರು ಅಲೆಯುವವರನ್ನೂ ಮೊದಲು ಗುರುತಿಸುವವರು ಇವರೇ.

ನಿರಂತರ ಚಿಕಿತ್ಸೆ: ಮಾತ್ರೆಗಳನ್ನು ಮರೆಯದೆ ಕೊಡುವುದು, ಅಡ್ಡ ಪರಿಣಾಮಗಳನ್ನು ಗಮನಿಸುವುದು, ತಪಾಸಣೆಯ ದಿನವನ್ನು ನೆನಪಿಸುವುದು ಇದರಲ್ಲಿ ಸೇರಿವೆ. ಬಿಸಿಲಿನಲ್ಲಿ ದುಡಿಯುವವರ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಲಿಥಿಯಂ ಸೇವಿಸುವವರಲ್ಲಿ ದೇಹದ ನೀರಿನಂಶ ಕಡಿಮೆಯಾದರೆ ರಕ್ತದಲ್ಲಿ ಆ ಔಷಧಿಯ ಪ್ರಮಾಣ ಅಪಾಯಕರವಾಗಿ ಏರಬಹುದು.

ಕುಟುಂಬ ಶಿಕ್ಷಣ: ಕಾಯಿಲೆ ಯಾರ ತಪ್ಪೂ ಅಲ್ಲ, ಶಾಪವೂ ಅಲ್ಲ ಎಂಬುದನ್ನು ಮನೆಯವರಿಗೆ ಮನವರಿಕೆ ಮಾಡಿಕೊಡಲಾಗುತ್ತದೆ. ಸದಾ ಟೀಕೆ ಮತ್ತು ಜಗಳವಿರುವ ಮನೆಗಳಲ್ಲಿ ಕಾಯಿಲೆ ಮರುಕಳಿಸುವುದು ಹೆಚ್ಚು. 'ಮದುವೆ ಮಾಡಿದರೆ ಸರಿಹೋಗುತ್ತದೆ' ಎಂಬ ನಂಬಿಕೆಯಿಂದ ಕಾಯಿಲೆಯನ್ನು ಮುಚ್ಚಿಟ್ಟು ಮದುವೆ ಮಾಡುವುದು ಇಬ್ಬರ ಬಾಳಿಗೂ ಹಾನಿಯಾಗುವ ಸಂಭವವಿದೆ. ಮದುವೆ ಚಿಕಿತ್ಸೆಯಲ್ಲ.

ದೈನಂದಿನ ಕೌಶಲ: ಹೊತ್ತಿಗೆ ಸರಿಯಾಗಿ ಏಳುವುದು, ಸ್ನಾನ, ಬಟ್ಟೆ, ಅಂಗಡಿಗೆ ಹೋಗಿ ಚಿಲ್ಲರೆ ಲೆಕ್ಕ ಹಾಕಿ ಸಾಮಾನು ತರುವುದು, ಬಸ್ಸಿನಲ್ಲಿ ಒಬ್ಬರೇ ಪಯಣಿಸುವುದು ಮುಂತಾದವನ್ನು ಒಂದೊಂದಾಗಿ ಮರಳಿ ರೂಢಿಸಲಾಗುತ್ತದೆ.

ಸ್ವಸಹಾಯ ಗುಂಪು: ಕಾಯಿಲೆಯುಳ್ಳವರು ಮತ್ತು ಆರೈಕೆ ಮಾಡುವವರು ಸೇರಿ ಗುಂಪು ಕಟ್ಟಿಕೊಂಡು ಔಷಧಿಯ ಲಭ್ಯತೆ, ಮಾಸಾಶನ, ಸಾಲ ಮುಂತಾದವುಗಳಿಗೆ ಒಟ್ಟಾಗಿ ದನಿಯೆತ್ತುತ್ತಾರೆ.

ಉದ್ಯೋಗ ಬೆಂಬಲ

ದುಡಿಮೆಯು ಆದಾಯವನ್ನಷ್ಟೇ ಕೊಡುವುದಿಲ್ಲ; ದಿನಕ್ಕೊಂದು ಕ್ರಮ, ಜನಸಂಪರ್ಕ ಮತ್ತು ಮನೆಯಲ್ಲಿ ಮನ್ನಣೆಯನ್ನೂ ಕೊಡುತ್ತದೆ. ಹಿಂದೆ 'ಮೊದಲು ತರಬೇತಿ, ಆಮೇಲೆ ಕೆಲಸ' ಎಂಬ ಪದ್ಧತಿ ಪ್ರಚಲಿತವಾಗಿತ್ತು. ಮೇಣದಬತ್ತಿ, ಚಾಪೆ, ಹೊಲಿಗೆ ಮುಂತಾದವುಗಳ ತರಬೇತಿ ಪಡೆದವರು ಅದೇ ಕೇಂದ್ರದಲ್ಲಿ ವರ್ಷಗಟ್ಟಲೆ ಉಳಿದುಬಿಡುತ್ತಿದ್ದುದು ಇದರ ಕೊರತೆ. 1990ರ ದಶಕದಲ್ಲಿ ಅಮೆರಿಕದಲ್ಲಿ ರಾಬರ್ಟ್ ಡ್ರೇಕ್ ಮತ್ತು ಡೆಬೊರಾ ಬೆಕರ್ ಅವರು ರೂಪಿಸಿದ 'ಇಂಡಿವಿಜುವಲ್ ಪ್ಲೇಸ್‌ಮೆಂಟ್ ಅಂಡ್ ಸಪೋರ್ಟ್' ವಿಧಾನ ಈ ಕ್ರಮವನ್ನು ತಿರುಗಿಸಿತು. ದುಡಿಯಲು ಬಯಸುವ ಯಾರನ್ನೂ ಹೊರಗಿಡದೆ, ಅವರ ಇಷ್ಟದಂತೆ ಸಾಮಾನ್ಯ ಮಾರುಕಟ್ಟೆಯ ಕೆಲಸವನ್ನು ಬೇಗನೆ ಹುಡುಕಿಕೊಟ್ಟು, ಕೆಲಸದಲ್ಲಿರುವಾಗಲೇ ಬೆಂಬಲ ನೀಡುವುದು ಇದರ ತತ್ತ್ವ. ಉದ್ಯೋಗ ಸಹಾಯಕರು ಮತ್ತು ಚಿಕಿತ್ಸಾ ತಂಡ ಇಲ್ಲಿ ಒಟ್ಟಾಗಿ ಕೆಲಸ ಮಾಡುತ್ತಾರೆ.

ಸಂಬಳದ ನೌಕರಿ ವಿರಳವಾಗಿರುವ ಗ್ರಾಮಗಳಲ್ಲಿ ಈ ತತ್ತ್ವವನ್ನು ಸ್ಥಳೀಯ ಕಸುಬುಗಳಿಗೆ ಹೊಂದಿಸಿಕೊಳ್ಳಬೇಕಾಗುತ್ತದೆ. ಬಯಲುಸೀಮೆಯಲ್ಲಿ ಹೈನುಗಾರಿಕೆ ಇದಕ್ಕೆ ಒಳ್ಳೆಯ ಉದಾಹರಣೆ. ಬೆಳಿಗ್ಗೆ ಮತ್ತು ಸಂಜೆ ನಿಗದಿತ ಹೊತ್ತಿಗೆ ಹಾಲು ಕರೆದು ಡೇರಿಗೆ ಹಾಕುವುದರಿಂದ ದಿನಕ್ಕೆ ಕ್ರಮ ಬರುತ್ತದೆ, ಊರಿನವರ ಭೇಟಿಯಾಗುತ್ತದೆ, ಹಣ ನೇರವಾಗಿ ಖಾತೆಗೆ ಸೇರುತ್ತದೆ. ಕುರಿ ಕಾಯುವ ಕೆಲಸ ಗದ್ದಲವನ್ನು ಸಹಿಸದವರಿಗೆ ಹಿತವೆನಿಸಿದರೂ, ದಿನವಿಡೀ ಒಂಟಿಯಾಗಿರುವುದರಿಂದ ಕೆಲವರಲ್ಲಿ ಏಕಾಂತದ ಪ್ರವೃತ್ತಿ ಹೆಚ್ಚಬಹುದು. ಅಡಿಕೆ ಸುಲಿಯುವುದು, ಶೇಂಗಾ ಬಿಡಿಸುವುದು ಗುಂಪಿನ ಕೆಲಸಗಳಾದ್ದರಿಂದ ಅರ್ಧ ದಿನದಿಂದ ಮೊದಲಿಡಲು ಅನುಕೂಲ. ಹೆದ್ದಾರಿಯ ಪಟ್ಟಣಗಳಲ್ಲಿ ಹೋಟೆಲು, ಗ್ಯಾರೇಜು, ಅಂಗಡಿಗಳ ಕೆಲಸವಿದೆ; ರಾತ್ರಿ ಪಾಳಿ ನಿದ್ರೆಯನ್ನು ಕೆಡಿಸುವುದರಿಂದ ಬೈಪೋಲಾರ್ ಕಾಯಿಲೆಯುಳ್ಳವರಿಗೆ ಅದು ತಕ್ಕುದಲ್ಲ.

ಮಾಲೀಕರು ಮಾಡಿಕೊಡಬಹುದಾದ ಹೊಂದಾಣಿಕೆಗಳು ಹೆಚ್ಚಿನ ವೆಚ್ಚದವಲ್ಲ. ರಾತ್ರಿಯ ಮಾತ್ರೆಯ ಮಂಪರು ಇಳಿಯುವವರೆಗೆ ತಡವಾಗಿ ಕೆಲಸ ಆರಂಭಿಸಲು ಅವಕಾಶ, ಒಮ್ಮೆಗೆ ಒಂದೇ ಸೂಚನೆ, ತಪಾಸಣೆಯ ದಿನ ರಜೆ, ನಡುವೆ ಚಿಕ್ಕ ಬಿಡುವು ಇವು ಮುಖ್ಯವಾದವು. ನಿಮ್ಹಾನ್ಸ್ ಆವರಣದಲ್ಲಿ ಚೇತರಿಸಿಕೊಳ್ಳುತ್ತಿರುವವರು ನಡೆಸುವ 'ರೋಸಸ್ ಕೆಫೆ' ಇಂತಹ ಕೆಲಸಕ್ಕೆ ಪ್ರಸಿದ್ಧ ನಿದರ್ಶನ.

ಕಾನೂನು ಮತ್ತು ಸೌಲಭ್ಯಗಳು

ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ, 2017 ಸಮುದಾಯದಲ್ಲಿ ಬದುಕುವ ಹಕ್ಕನ್ನು (ಕಲಂ 19) ಮಾನ್ಯ ಮಾಡಿದೆ. ಸರಪಳಿಯಿಂದ ಕಟ್ಟಿಹಾಕುವುದನ್ನು (ಕಲಂ 95) ನಿಷೇಧಿಸಿದೆ. ಅಂಗವಿಕಲರ ಹಕ್ಕುಗಳ ಕಾಯ್ದೆ, 2016 ಗುರುತಿಸಿರುವ 21 ಬಗೆಯ ವೈಕಲ್ಯಗಳಲ್ಲಿ ಮಾನಸಿಕ ಕಾಯಿಲೆಯೂ ಒಂದು. ಸರ್ಕಾರಿ ಹುದ್ದೆಗಳಲ್ಲಿನ ಶೇ. 4ರ ಮೀಸಲಾತಿಯಲ್ಲಿ ಇದಕ್ಕೂ ಪಾಲುಂಟು. ಸೇವೆಯಲ್ಲಿರುವಾಗ ವೈಕಲ್ಯಕ್ಕೆ ಒಳಗಾದ ಸರ್ಕಾರಿ ನೌಕರರನ್ನು ಆ ಕಾರಣಕ್ಕಾಗಿ ಕೆಲಸದಿಂದ ತೆಗೆಯುವಂತಿಲ್ಲ (ಕಲಂ 20).

ವೈಕಲ್ಯದ ಪ್ರಮಾಣವನ್ನು 'ಐಡಿಯಾಸ್' ಎಂಬ ಅಳತೆಗೋಲಿನಿಂದ ನಿರ್ಧರಿಸಲಾಗುತ್ತದೆ. ಸ್ವ-ಆರೈಕೆ, ಇತರರೊಡನೆ ಸಂಬಂಧ, ಸಂವಹನ ಮತ್ತು ಗ್ರಹಿಕೆ, ಕೆಲಸ ಎಂಬ ನಾಲ್ಕು ಅಂಶಗಳನ್ನೂ ಕಾಯಿಲೆಯ ಅವಧಿಯನ್ನೂ ಇದು ಪರಿಗಣಿಸುತ್ತದೆ. ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವಿದ್ದವರು ಪ್ರಮಾಣಪತ್ರ ಮತ್ತು ಯುಡಿಐಡಿ ಕಾರ್ಡಿನ ಮೂಲಕ ಮಾಸಾಶನ, ಮೀಸಲಾತಿ ಮುಂತಾದ ಸೌಲಭ್ಯಗಳಿಗೆ ಅರ್ಜಿ ಸಲ್ಲಿಸಬಹುದು. ಉದ್ಯೋಗ ಖಾತ್ರಿ ಯೋಜನೆಯಲ್ಲಿ (ನರೇಗಾ) ಕರ್ನಾಟಕವು ಅಂಗವಿಕಲರಿಗೆ ಕೆಲಸದ ಪ್ರಮಾಣದಲ್ಲಿ ಶೇ. 50ರ ರಿಯಾಯಿತಿ ನೀಡಿತು. 2022ರ ಅಕ್ಟೋಬರ್ 10ರಂದು ಆರಂಭವಾದ 'ಟೆಲಿ ಮಾನಸ್' ಸಹಾಯವಾಣಿಯಲ್ಲಿ (14416) ಕನ್ನಡದಲ್ಲಿಯೂ ಉಚಿತ ಸಲಹೆ ದೊರೆಯುತ್ತದೆ.

ಅಧ್ಯಯನಗಳು

ನಿಮ್ಹಾನ್ಸ್ 2005ರಿಂದ ತೀರ್ಥಹಳ್ಳಿ ತಾಲ್ಲೂಕಿನಲ್ಲಿಯೂ, ಆನಂತರ ತುರುವೇಕೆರೆ ತಾಲ್ಲೂಕಿನಲ್ಲಿಯೂ ಸ್ಕಿಜೋಫ್ರೀನಿಯಾ ಉಳ್ಳವರನ್ನು ಊರಿನಲ್ಲಿಯೇ ಗುರುತಿಸಿ ಚಿಕಿತ್ಸೆ ನೀಡುವ ಕಾರ್ಯಕ್ರಮವನ್ನು ನಡೆಸಿತು. ಚಿಕಿತ್ಸೆ ಪಡೆದವರಲ್ಲಿ ವೈಕಲ್ಯದ ಪ್ರಮಾಣ ಇಳಿದುದನ್ನು ತೀರ್ಥಹಳ್ಳಿಯ ಅಧ್ಯಯನ ದಾಖಲಿಸಿತು. ತಮಿಳುನಾಡು, ಗೋವಾ ಮತ್ತು ಮಹಾರಾಷ್ಟ್ರಗಳಲ್ಲಿ 282 ಮಂದಿಯನ್ನು ಒಳಗೊಂಡು ನಡೆದು, 2014ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾದ 'ಕಾಪ್ಸಿ' ಅಧ್ಯಯನದಲ್ಲಿ, ತರಬೇತಿ ಪಡೆದ ಸ್ಥಳೀಯ ಕಾರ್ಯಕರ್ತರ ಮನೆಭೇಟಿಯೂ ಸೇರಿದ ಆರೈಕೆಯು ಬರಿಯ ಆಸ್ಪತ್ರೆ ಚಿಕಿತ್ಸೆಗಿಂತ ಸಾಧಾರಣ ಮಟ್ಟಿಗೆ ಹೆಚ್ಚು ಫಲಕಾರಿಯೆಂದು ಕಂಡುಬಂದಿತು.

ಸವಾಲುಗಳು

ಕಳಂಕದ ಭಯ ಮೊದಲನೆಯ ತೊಡಕು. ಪ್ರಮಾಣಪತ್ರ ಪಡೆದರೆ ಮಾಸಾಶನ ದೊರೆಯುತ್ತದೆ. ಆದರೆ ಕಾಯಿಲೆಯ ವಿಷಯ ಊರಿಗೆ ತಿಳಿದು ಮನೆಯ ಇತರ ಮಕ್ಕಳ ಮದುವೆಗೆ ಅಡ್ಡಿಯಾದೀತೆಂದು ಅನೇಕ ಕುಟುಂಬಗಳು ಹಿಂಜರಿಯುತ್ತವೆ. ತಾಲ್ಲೂಕು ಮಟ್ಟದಲ್ಲಿ ಔಷಧಿ ಒಂದು ತಿಂಗಳು ತಪ್ಪಿದರೂ ಹಲವು ತಿಂಗಳ ಚೇತರಿಕೆ ಕೈಜಾರಬಹುದು. ಮಹಿಳೆಯರ ಮನೆಗೆಲಸವನ್ನು ದುಡಿಮೆಯೆಂದು ಎಣಿಸದಿರುವುದರಿಂದ ಅವರ ಚೇತರಿಕೆಯೂ ಅವರಿಗೆ ಬೇಕಾದ ಬೆಂಬಲವೂ ಗಮನಕ್ಕೆ ಬರುವುದಿಲ್ಲ.

ಆರೈಕೆಯ ಭಾರ ಬಹುತೇಕ ವಯಸ್ಸಾದ ತಂದೆತಾಯಿಯರ ಮೇಲಿದೆ. 'ನಾವು ಹೋದ ಮೇಲೆ ಯಾರು?' ಎಂಬುದು ಅವರ ದೊಡ್ಡ ಚಿಂತೆ. ಬೆಂಬಲಿತ ವಸತಿಯ ವ್ಯವಸ್ಥೆಯನ್ನು 2017ರ ಕಾಯ್ದೆ ಸರ್ಕಾರದ ಹೊಣೆಯೆಂದು ಹೇಳಿದ್ದರೂ ಇಂತಹ ಮನೆಗಳು ಹೆಚ್ಚಾಗಿ ದೊಡ್ಡ ನಗರಗಳಲ್ಲಿವೆ. ಆದ್ದರಿಂದ ಪೋಷಕರು ಗಟ್ಟಿಯಾಗಿರುವಾಗಲೇ ವ್ಯಕ್ತಿಗೆ ಸ್ವಂತ ಬ್ಯಾಂಕ್ ಖಾತೆ, ನಿಯತವಾದ ಕೆಲಸ ಮತ್ತು ಮನೆಯ ಹೊರಗೆ ಒಬ್ಬಿಬ್ಬರು ನಂಬಿಕಸ್ತರು ಇರುವಂತೆ ನೋಡಿಕೊಳ್ಳುವುದು ಗ್ರಾಮೀಣ ಪುನರ್ವಸತಿ ಕಾರ್ಯದ ಮುಖ್ಯ ಅಂಗವಾಗಿದೆ.