ಪರವಾನಗಿ ಕಿಸೆಯಲ್ಲಿ, ಎಚ್ಚರ ಕಣ್ಣಲ್ಲಿ

ಕೆಲವು ವರ್ಷಗಳ ಹಿಂದೆ ಅಮೆರಿಕೆಯಲ್ಲಿ ನೆಲೆಸಿದ ಕನ್ನಡಿಗ ಕುಟುಂಬವೊಂದರ ಆಹ್ವಾನದ ಮೇರೆಗೆ ನಾವು ಆ ದೇಶಕ್ಕೆ ಹೋಗಿದ್ದೆವು. ಮರುದಿನ ಬೆಳಿಗ್ಗೆ ವಾಯುವಿಹಾರಕ್ಕೆ ಹೊರಟು ರಸ್ತೆಯ ಅಂಚಿಗೆ ಬಂದೆವು. ಅಭ್ಯಾಸಬಲದಿಂದ ಬಲಗಡೆ ನೋಡಿದೆವು, ವಾಹನವಿರಲಿಲ್ಲ. ಹೆಜ್ಜೆ ಮುಂದಿಟ್ಟೆವು. ಮನೆಯ ಮಗ ಹಿಂದಿನಿಂದ ನಮ್ಮ ತೋಳು ಹಿಡಿದೆಳೆಯದಿದ್ದರೆ ಎಡಗಡೆಯಿಂದ ಬಂದ ಕಾರು ಈ ಲೇಖನಕ್ಕೆ ಅವಕಾಶವನ್ನೇ ಕೊಡುತ್ತಿರಲಿಲ್ಲ. "ಅಜ್ಜಾರ, ಇಲ್ಲಿ ಮೊದಲು ಎಡಕ್ಕ ನೋಡಬೇಕ್ರಿ" ಎಂದನಾತ. ಆ ದೇಶದಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಚಲಿಸುತ್ತವೆಂಬುದು ನಮಗೆ ತಿಳಿಯದ ಸಂಗತಿಯಾಗಿರಲಿಲ್ಲ. ಬುದ್ಧಿಗೆ ತಿಳಿದದ್ದು ಕಣ್ಣಿಗೆ ಇನ್ನೂ ರೂಢಿಯಾಗಿರಲಿಲ್ಲ.

ಇಂದು ನಮ್ಮ ಅನೇಕ ಮನೆಗಳ ಮಕ್ಕಳು ಹೊರದೇಶಗಳಲ್ಲಿದ್ದಾರೆ. ನಮ್ಮ ದೇಶದ ಚಾಲನಾ ಪರವಾನಗಿ ಉಳ್ಳವರಿಗೆ ಇಲ್ಲಿಯ ಸಾರಿಗೆ ಕಚೇರಿಯು ಅಂತರರಾಷ್ಟ್ರೀಯ ಪರವಾನಗಿಯನ್ನು ನೀಡುತ್ತದೆ. ಅದರ ಅವಧಿ ಹೆಚ್ಚೆಂದರೆ ಒಂದು ವರ್ಷ. ಮೂಲ ಪರವಾನಗಿಯೂ ಜೊತೆಯಲ್ಲಿರಬೇಕು. ಅಲ್ಲಿಯೇ ನೆಲೆಸುವವರಿಗೆ ನಿಯಮ ಬೇರೆ. ನಮ್ಮ ಪರವಾನಗಿಯಿಂದ ಬ್ರಿಟನ್ನಿನಲ್ಲಿ 12 ತಿಂಗಳು, ಜರ್ಮನಿಯಲ್ಲಿ 6 ತಿಂಗಳು ಕಾರು ನಡೆಸಬಹುದು. ಆಮೇಲೆ ಅಲ್ಲಿಯ ಪರೀಕ್ಷೆಯಲ್ಲಿ ತೇರ್ಗಡೆಯಾಗಲೇಬೇಕು. ಅಮೆರಿಕೆಯಲ್ಲಂತೂ ಒಂದೊಂದು ರಾಜ್ಯಕ್ಕೆ ಒಂದೊಂದು ಕಟ್ಟಳೆ. ಜರ್ಮನಿಯಲ್ಲಿ ಹೊಸದಾಗಿ ಪರವಾನಗಿ ಪಡೆಯುವವರು ಪ್ರಥಮ ಚಿಕಿತ್ಸೆಯನ್ನೂ ಕಲಿತಿರಬೇಕೆಂಬ ನಿಯಮ ನಮ್ಮ ಮನಸ್ಸಿಗೆ ಬಹಳ ಹಿಡಿಸಿತು.

ಆದರೆ ಕಾಗದಪತ್ರಗಳಿಗಿಂತ ರೂಢಿಯನ್ನು ಬದಲಿಸುವುದೇ ಕಠಿಣ. ನಮ್ಮಲ್ಲಿ ಹಾರ್ನು ಎಂದರೆ 'ಬರುತ್ತಿದ್ದೇನೆ, ದಾರಿ ಬಿಡಿ' ಎಂಬ ಸೂಚನೆ. ಅಲ್ಲಿ ಅದು ಬೈಗುಳಕ್ಕೆ ಸಮಾನ. ಅಮೆರಿಕೆಯಲ್ಲಿ 'ನಿಲ್ಲಿ' ಎಂಬ ಫಲಕವಿರುವ ಕಡೆ, ದಾರಿ ನಿರ್ಜನವಾಗಿದ್ದರೂ ಕಾರನ್ನು ಪೂರ್ಣವಾಗಿ ನಿಲ್ಲಿಸಿಯೇ ಮುಂದೆ ಹೋಗಬೇಕು. ಶಾಲೆಯ ಬಸ್ಸು ಕೆಂಪು ದೀಪ ಮಿನುಗಿಸಿ ಮಕ್ಕಳನ್ನು ಇಳಿಸುವಾಗ ಹಿಂದಿನ ವಾಹನಗಳು ನಿಲ್ಲುತ್ತವೆ. ನಡುವೆ ವಿಭಜಕವಿಲ್ಲದ ರಸ್ತೆಯಾದರೆ ಎದುರಿನಿಂದ ಬರುವವೂ ನಿಲ್ಲಬೇಕು.

ಒಂದು ರಾಷ್ಟ್ರವೇ ತನ್ನ ರೂಢಿಯನ್ನು ಬದಲಿಸಿಕೊಂಡ ನಿದರ್ಶನವೂ ಉಂಟು. ಸ್ವೀಡನ್ ದೇಶದಲ್ಲಿ ಮೊದಲು ಎಡಬದಿಯ ಸಂಚಾರವಿತ್ತು; ನೆರೆಯ ನಾರ್ವೆ, ಫಿನ್ಲೆಂಡುಗಳಲ್ಲಿ ಬಲಬದಿ. 1955ರ ಜನಮತಗಣನೆಯಲ್ಲಿ ಜನರು ಬದಲಾವಣೆ ಬೇಡವೆಂದಿದ್ದರು. ಆದರೂ ಸಂಸತ್ತು ನಿರ್ಣಯಿಸಿ, ವರ್ಷಗಳ ಕಾಲ ಸಿದ್ಧತೆ ನಡೆಸಿ, 1967ರ ಸೆಪ್ಟೆಂಬರ್ 3ರ ಬೆಳಗಿನ 5 ಗಂಟೆಗೆ ದೇಶವನ್ನೆಲ್ಲ ಬಲಬದಿಗೆ ತಂದಿತು. ಗೊಂದಲವಾಗಿ ಅಪಘಾತಗಳು ಹೆಚ್ಚುವವೆಂಬ ಭಯವಿತ್ತು. ಆದದ್ದು ಬೇರೆ: ಆರಂಭದಲ್ಲಿ ಅವು ಕಡಿಮೆಯಾದವು, ಏಕೆಂದರೆ ಎಲ್ಲರೂ ಎಚ್ಚರದಿಂದಿದ್ದರು. ಹೊಸದು ಹಳೆಯದಾಗಿ ಎಚ್ಚರ ಸಡಿಲಿದಂತೆ ಅಪಘಾತಗಳು ಮತ್ತೆ ಮೊದಲಿನಂತಾದವು.

ಎರಡು ತಿಂಗಳ ಬಳಿಕ ನಾವು ಊರಿಗೆ ಮರಳಿದೆವು. ಐವತ್ತು ವರ್ಷ ದಾಟಿದ ಅದೇ ಪೇಟೆಯ ರಸ್ತೆಯಲ್ಲಿ ಮೊದಲು ಎಡಕ್ಕೆ ನೋಡಿ ನಿಂತೆವು! ರೂಢಿ ಅಷ್ಟು ಬೇಗ ತಿರುಗಿತ್ತು.

ಆದ್ದರಿಂದ ತಾಯಂದಿರಲ್ಲಿ, ಹಿರಿಯರಲ್ಲಿ ನಮ್ಮ ಬಿನ್ನಹವಿಷ್ಟೆ. ಮಕ್ಕಳ ಮನೆಗೆಂದು ಹೊರದೇಶಕ್ಕೆ ಹೋದಾಗ ಮೊದಲ ವಾರ ಒಬ್ಬರೇ ರಸ್ತೆ ದಾಟಬೇಡಿರಿ. ರಜೆಗೆ ಬಂದ ಮಗನ ಕೈಗೆ ಬಂದ ದಿನವೇ ಕಾರಿನ ಕೀಲಿ ಕೊಡಬೇಡಿರಿ. ಕೆಲವು ದಿನ ಪಕ್ಕದಲ್ಲಿ ಕುಳಿತು ನಮ್ಮ ರಸ್ತೆಯನ್ನು ನೋಡಲಿ. ಅವನ ಕಿಸೆಯಲ್ಲಿ ಎರಡು ದೇಶಗಳ ಪರವಾನಗಿ ಇದ್ದೀತು, ಆದರೆ ಕಣ್ಣು ಇನ್ನೂ ಆ ದೇಶದಲ್ಲಿಯೇ ಇರುತ್ತದೆ.